ಗ್ರಂಥಸ್ವಾಮ್ಯವೂ ಭೂಸ್ವಾಮ್ಯವೂ

10ನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ದಾನಮಾಡಿದಳೆಂಬುದು ಸುಪ್ರಸಿದ್ಧವಾಗಿದೆ. ಓಲೆಗಳು ಕೈಬಿಟ್ಟು ಹೋದುವು. ಕಾವ್ಯವಾದರೋ ಎಳ್ಳಷ್ಟೂ ಸವೆಯಲಿಲ್ಲ. ಹೊಲವನ್ನು ಒಬ್ಬನು ಉಳುತ್ತಿದ್ದರೆ ಮತ್ತೊಬ್ಬನಿಗೆ ಎಡೆಯಿಲ್ಲ. ಕಾವ್ಯಕ್ಕೆ ಈ ನ್ಯಾಯವು ಸಲ್ಲದು. ಹೀಗಿರಲು ಕರ್ತೃವಿಗೆ ಅದರಲ್ಲಿ ಭೂಮಿಯಲ್ಲಿರುವಂತಹ ಸ್ವತ್ವವುಂಟೆ?

ಆಂಗ್ಲದೇಶದಲ್ಲಿ ಈ ವಿವಾದವು ಬಹುಕಾಲ ನಡೆಯಿತು. 1710ರ ಶಾಸನವು ಹೊಸ ಗ್ರಂಥಗಳಿಗೆ 14 ವರ್ಷಗಳ ಮುದ್ರಣಾಧಿಕಾರವನ್ನೂ, ಕರ್ತೃವು ಜೀವಿಸಿದ್ದರೆ ಮತ್ತೆ 14 ವರ್ಷಗಳನ್ನೂ ವಿಧಿಸಿತು. ಲಂಡನ್ನಿನ ಪುಸ್ತಕವ್ಯಾಪಾರಿಗಳಾದರೋ ತಾವು ಕೊಂಡ ಹಕ್ಕು ಮನೆಹೊಲಗಳಂತೆ ಶಾಶ್ವತವೆಂದು ವಾದಿಸಿದರು. ಥಾಮ್ಸನ್ ಕವಿಯ ಋತುವರ್ಣನಕಾವ್ಯದ ವಿಷಯದಲ್ಲಿ 1769ರಲ್ಲಿ ನ್ಯಾಯಸ್ಥಾನವು ಇದನ್ನು ಅಂಗೀಕರಿಸಿತು; ಅದೇ ಕಾವ್ಯವನ್ನು ಕುರಿತ ಡೊನಾಲ್ಡ್‌ಸನ್ನನ ವ್ಯಾಜ್ಯದಲ್ಲಿ 1774ರಲ್ಲಿ ಲಾರ್ಡ್ಸ್ ಸಭೆಯು ನಿರಾಕರಿಸಿತು. ಕವಿಯು 1748ರಲ್ಲಿಯೇ ದಿವಂಗತನಾಗಿದ್ದನು! ವಾದವು ಕವಿಯ ಹೆಸರಿನಲ್ಲಿ, ಲಾಭವು ವರ್ತಕನಿಗೆ.

ಮಿತಾಕ್ಷರಾಕಾರನಾದ ವಿಜ್ಞಾನೇಶ್ವರನು ಸ್ವತ್ವವು ಲೌಕಿಕವೆಂದು, ಎಂದರೆ ಲೋಕವ್ಯವಹಾರದಿಂದಲೇ ಸಿದ್ಧವೆಂದು, ಸಾಧಿಸಿರುವನು. ಆ ಮಾರ್ಗದಿಂದ ನೋಡಿದರೆ ಓಲೆಯ ಒಡೆತನವು ನಿರ್ವಿವಾದ. ಕಾವ್ಯದ ಹಕ್ಕಾದರೋ ಶಾಸನದತ್ತವೆಂದೇ ನಮಗೆ ತೋರುವುದು. ಇಂದಿನ ಭಾರತೀಯ ಶಾಸನದಲ್ಲಿಯೂ ಅದು ಕರ್ತೃವಿನ ಮರಣಾನಂತರ 60 ವರ್ಷಗಳಿಗೆ ತೀರುವುದು. ಅವನ ಹೊಲವು ಆ ಬಳಿಕವೂ ಮೊಮ್ಮಕ್ಕಳ ಪಾಲಿಗೆ ಬರುವುದು.