ಬರಿದಾದ ಬ್ಯಾಟರಿಯೂ ಗಣಿಯ ದೀಪದ ಕೋಣೆಯೂ

ಬಂಗಾರಪೇಟೆಗೆ ಬೌರಿಂಗ್‌ಪೇಟೆ ಎಂದು ಹೆಸರಿದ್ದ ಕಾಲದಲ್ಲಿ, 1894ರಲ್ಲಿ, ಅಲ್ಲಿಂದ ಚಿನ್ನದ ಗಣಿಗಳ ಕಡೆಗೆ ಹತ್ತು ಮೈಲಿಯ ರೈಲುದಾರಿಯೊಂದು ತೆರೆಯಿತು. ಅದು ಕೋರಮಂಡಲ, ಉರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. ಈ ದಾರಿಯಲ್ಲಿ ಬಂದು ಹೋದ ಚಿನ್ನದ ಕಥೆಯನ್ನು ವಾಚಕರು ಹಲವು ಬಾರಿ ಓದಿರಬಹುದು. ಜಾನ್ ಟೇಲರ್ ಕಂಪನಿಯವರು 1880ರಲ್ಲಿ ಇಲ್ಲಿಗೆ ಬಂದದ್ದು, 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಸೇರಿದ್ದು, 2001ರ ಫೆಬ್ರವರಿ 28ರಂದು ಮುಚ್ಚಿದ್ದು, ಇವೆಲ್ಲ ಎಲ್ಲರಿಗೂ ತಿಳಿದ ಸಂಗತಿಗಳು. ನಾನು ಈಗ ಹೇಳಹೊರಟಿರುವುದು ಚಿನ್ನದ ಮಾತಲ್ಲ. ಚಿನ್ನ ತೆಗೆಯುವವನ ಸೊಂಟದಲ್ಲಿ ತೂಗುತ್ತಿದ್ದ ಸೀಸದ ಮಾತು.

ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಮಿಗಿಲು. ಅಲ್ಲಿ ದೀಪ ಕೆಟ್ಟರೆ ಆವರಿಸುವ ಕತ್ತಲೆಯನ್ನು ನಮ್ಮ ಅಮಾವಾಸ್ಯೆಯ ರಾತ್ರಿಗೆ ಹೋಲಿಸಲಾಗದು. ಅಮಾವಾಸ್ಯೆಯಲ್ಲಿ ನಕ್ಷತ್ರಗಳಾದರೂ ಇರುತ್ತವೆ. ಅಲ್ಲಿ ತನ್ನ ಕೈಯನ್ನು ಕಣ್ಣಿನ ಮುಂದೆ ಹಿಡಿದರೂ ಕಾಣದು. ಬಂಡೆ ಬಿರಿಯುವ ಸದ್ದು ಕೇಳಿದಾಗ ಯಾವ ಕಡೆಗೆ ಓಡಬೇಕೆಂದು ತಿಳಿಸುವುದು ಹಣೆಯ ಮೇಲಿನ ಒಂದು ದೀಪ. ಆದ್ದರಿಂದ ಆ ದೀಪಕ್ಕೆ ಅನ್ನ ಹಾಕುವ ಪೆಟ್ಟಿಗೆ ಸತ್ತಿದೆಯೋ ಬದುಕಿದೆಯೋ ಎಂಬ ಪ್ರಶ್ನೆ ಕೇವಲ ಭೌತಶಾಸ್ತ್ರದ್ದಾಗಿರಲಿಲ್ಲ.

ಲೋಹದ ಗಣಿಗಳಲ್ಲಿ ಮೊದಲು ಉರಿದದ್ದು ಮೇಣದ ಬತ್ತಿ. ಆಮೇಲೆ, ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿ ಅದರಿಂದೇಳುವ ಅಸಿಟಿಲೀನ್ ಅನಿಲವನ್ನು ಉರಿಸುವ ದೀಪ. ಎರಡೂ ಗಾಳಿಗೆ ಅಂಜುವಂಥವು, ಗಣಿಗಾರನ ಉಸಿರಿಗೆ ಬೇಕಾದ ಪ್ರಾಣವಾಯುವಿನಲ್ಲಿ ಪಾಲು ಕೇಳುವಂಥವು. ವಿದ್ಯುತ್ತು ಇದಕ್ಕೆ ಪರಿಹಾರವಲ್ಲವೆ ಎಂದು ನೀವು ಕೇಳಬಹುದು. ಕೋಲಾರದ ಗಣಿಗಳಿಗೆ ವಿದ್ಯುತ್ತು ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆ ಅವರು ತೀರಿಕೊಂಡ ಮರುವರ್ಷ, 1902ರಲ್ಲಿ, ಫಲಿಸಿತು. ಕಾವೇರಿಯ ಶಕ್ತಿ ತಂತಿಯ ಮೇಲೆ 92 ಮೈಲಿ ಪಯಣಿಸಿ ಇಲ್ಲಿಯ ಯಂತ್ರಗಳನ್ನು ತಿರುಗಿಸಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಆದರೆ ತಂತಿ ಇರುವಲ್ಲಿಗೆ ಮಾತ್ರ ವಿದ್ಯುತ್ತು ಹೋಗಬಲ್ಲದು. ಗಣಿಗಾರನಾದರೋ ತಂತಿ ಇಲ್ಲದ ಕಡೆಯೇ ಹೆಚ್ಚಾಗಿ ತೆವಳಬೇಕು. ಅಲ್ಲದೆ ಶಿವನಸಮುದ್ರದಿಂದ ಬಂದದ್ದು ಸೆಕೆಂಡಿಗೆ 25 ಆವರ್ತಗಳ ಪರ್ಯಾಯ ಪ್ರವಾಹ. ಅಂದರೆ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಪ್ರವಾಹ. ಅದನ್ನು ಹಾಗೆಯೇ ಪೆಟ್ಟಿಗೆಯಲ್ಲಿ ತುಂಬಿಡಲಾಗದು. ಒಂದೇ ದಿಕ್ಕಿಗೆ ಹರಿಯುವಂತೆ ಮೊದಲು ಅದನ್ನು ತಿದ್ದಬೇಕು, ಆಮೇಲೆ ಬ್ಯಾಟರಿಗೆ ಊಡಬೇಕು.

ಬ್ಯಾಟರಿ ಎಂಬ ಮಾತಿನ ಹುಟ್ಟು ಸ್ವಾರಸ್ಯವಾದುದು. ಅದು ಫಿರಂಗಿಗಳ ಸಾಲಿಗೆ ಇದ್ದ ಹೆಸರು. 1749ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಸಾಲಾಗಿ ಜೋಡಿಸಿದ ವಿದ್ಯುತ್ ಜಾಡಿಗಳಿಗೆ ಅದನ್ನೇ ಇಟ್ಟನು. ನಮ್ಮ ಪಠ್ಯಪುಸ್ತಕದವರು ‘ಸಂಚಯಕೋಶ’ ಎಂದರು. ಕನ್ನಡ ಪಂಡಿತನಾದ ನನಗೆ ಇದೇ ಮೇಲೆಂದು ತೋರುತ್ತದೆ, ಆದರೆ ಮಾರಿಕುಪ್ಪಂನಲ್ಲಿ ಹಾಗೆಂದರೆ ಯಾರೂ ತಿರುಗಿ ನೋಡರು. ಇರಲಿ. ತುಂಬಿ, ಬಳಸಿ, ಮತ್ತೆ ತುಂಬಬಹುದಾದ ಸೀಸದ ಕೋಶವನ್ನು 1859ರಲ್ಲಿ ಕಂಡುಹಿಡಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಡಿಸನ್ ಕಬ್ಬಿಣ ಮತ್ತು ನಿಕ್ಕಲ್ ಬಳಸಿ, ಆಮ್ಲದ ಬದಲು ಕ್ಷಾರ ತುಂಬಿದ ಕೋಶವನ್ನು ರೂಪಿಸಿದನು. 1914-15ರ ಸುಮಾರಿಗೆ ಅದನ್ನು ಸೊಂಟಕ್ಕೆ ಕಟ್ಟಿ ಟೋಪಿಗೆ ದೀಪ ಸಿಕ್ಕಿಸುವ ಏರ್ಪಾಟು ಅಮೆರಿಕದ ಗಣಿಗಳಲ್ಲಿ ಬಳಕೆಗೆ ಬಂತು. ಎಡಿಸನ್ನನ ಕೋಶ ಒರಟು ಆಳು. ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ಬಿದ್ದಿದ್ದರೂ ಎಬ್ಬಿಸಿದರೆ ಏಳುತ್ತದೆ. ಸೀಸದ ಕೋಶ ಹಾಗಲ್ಲ. ಅದರ ಕಷ್ಟವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸೀಸದ ಕೋಶದಲ್ಲಿ ಎರಡು ಬಗೆಯ ಫಲಕಗಳು ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ದೀಪ ಉರಿದಂತೆಲ್ಲ ಆಮ್ಲದಲ್ಲಿರುವ ಗಂಧಕದ ಅಂಶ ಫಲಕಗಳನ್ನು ಸೇರಿ ಸೀಸದ ಸಲ್ಫೇಟಾಗುತ್ತದೆ, ಆಮ್ಲ ತೆಳ್ಳಗಾಗುತ್ತದೆ. ತುಂಬಿದ ಕೋಶದ ಆಮ್ಲ ನೀರಿಗಿಂತ ಸುಮಾರು 1.25ರಿಂದ 1.28ರಷ್ಟು ಭಾರ, ಬರಿದಾದಾಗ ಅದು 1.15ಕ್ಕೂ ಕೆಳಗೆ ಇಳಿಯುತ್ತದೆ. ಕೂಡಲೇ ಪ್ರವಾಹ ಊಡಿದರೆ ನವಿರಾದ ಸಲ್ಫೇಟು ಕರಗಿ ಮತ್ತೆ ಮೊದಲಿನ ಸ್ಥಿತಿ ಬರುತ್ತದೆ. ವಾರಗಟ್ಟಲೆ ಹಾಗೆಯೇ ಬಿಟ್ಟರೆ ಮಾತ್ರ ಅದರ ಹರಳುಗಳು ಬೆಳೆದು ಗಟ್ಟಿಯಾಗುತ್ತವೆ, ಫಲಕದ ಮೇಲೆ ಬಿಳಿಯ ಹೊಪ್ಪಳೆ ಕಟ್ಟುತ್ತದೆ. ಆ ಹೊಪ್ಪಳೆ ವಿದ್ಯುತ್ತನ್ನು ಒಳಗೆ ಬಿಡದು. ಹೀಗೆ ಬ್ಯಾಟರಿಯನ್ನು ಕೊಲ್ಲುವುದು ಬರಿದಾಗುವುದಕ್ಕಿಂತ ಹೆಚ್ಚಾಗಿ ಬರಿದಾಗಿ ಕಾಯುವುದು.

ಇನ್ನೊಂದು ಅಪಾಯವೂ ಉಂಟು. ಗಣಿದೀಪದ ಪೆಟ್ಟಿಗೆಯಲ್ಲಿ ಎರಡೆರಡು ವೋಲ್ಟಿನ ಎರಡು ಕೋಶಗಳು ಸರಣಿಯಾಗಿ ಕೂಡಿ ನಾಲ್ಕು ವೋಲ್ಟು. ಅವಳಿಗಳಾದರೂ ಒಂದು ಸ್ವಲ್ಪ ಬಡಕಲು. ದೀಪ ಆರಿಸದೆ ಮರೆತರೆ ಬಡಕಲು ಕೋಶ ಮೊದಲು ಬರಿದಾಗುತ್ತದೆ. ಆಗ ಇನ್ನೊಂದರ ಪ್ರವಾಹ ಅದರೊಳಗೆ ನುಗ್ಗಿ ಅದರ ಧನ-ಋಣಗಳನ್ನೇ ತಿರುಗುಮುರುಗು ಮಾಡಿಬಿಡುತ್ತದೆ.

ಗಣಿಯ ‘ಲ್ಯಾಂಪ್ ರೂಮ್’ ಎಂಬ ಕೋಣೆಯ ಶಿಸ್ತೆಲ್ಲ ಹುಟ್ಟಿದ್ದು ಇದರಿಂದಲೇ. ಪಾಳಿ ಮುಗಿಸಿ ಮೇಲೆ ಬಂದವನು ಮನೆಗೆ ಹೋಗುವ ಮೊದಲು ದೀಪ ಒಪ್ಪಿಸಬೇಕು; ದೀಪ ಆ ಗಳಿಗೆಯಲ್ಲೇ ಚಾರ್ಜಿಂಗ್ ರ್‍ಯಾಕಿಗೆ ಏರಬೇಕು. ದೀಪದ ನಂಬರು, ಆಳಿನ ನಂಬರು ತಾಳೆ ಬೀಳಬೇಕು. ಸಂಜೆ ಒಂದು ಗೂಡು ಖಾಲಿ ಉಳಿದರೆ ಒಬ್ಬ ಮನುಷ್ಯ ಇನ್ನೂ ಕೆಳಗಿದ್ದಾನೆಂದು ಅರ್ಥ. ಬ್ಯಾಟರಿಯ ಆರೋಗ್ಯಕ್ಕಾಗಿ ಮಾಡಿದ ಕಟ್ಟಳೆ ಮನುಷ್ಯನ ಲೆಕ್ಕವೂ ಆಯಿತು.

ಇದೇ ಕಟ್ಟಳೆ ಇಲ್ಲದೆ ಹಾಳಾದ ಬ್ಯಾಟರಿಗಳನ್ನು ಹಳ್ಳಿಯ ಹಿರಿಯರು ಕಂಡಿರಬೇಕು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದಾಗ ವಿದ್ಯುತ್ತಿಲ್ಲದ ಊರುಗಳಲ್ಲಿ ರೇಡಿಯೋ ನುಡಿಯಬೇಕಾದರೆ ಬ್ಯಾಟರಿಯೇ ಗತಿ. ಅದನ್ನು ಪೇಟೆಗೆ ಹೊತ್ತು ತಂದು ತುಂಬಿಸಿಕೊಂಡು ಹೋಗಬೇಕು. ಸುಗ್ಗಿ, ಮದುವೆ, ಮಳೆ ಎಂದು ಪಯಣ ಮುಂದೆ ಬಿದ್ದರೆ ಒಳಗೆ ಹರಳು ಬೆಳೆಯುತ್ತಿತ್ತು.

ಹಾಗಾದರೆ ಸತ್ತದ್ದನ್ನು ಎಬ್ಬಿಸಲಾಗದೆ? ಕೆಲವೊಮ್ಮೆ ಆಗುತ್ತದೆ. ಹಳೆಯ ಕೈಪಿಡಿಗಳ ಉಪಾಯದಲ್ಲಿ ಮುಖ್ಯವಾದದ್ದು ತಾಳ್ಮೆ. ಕುಗ್ಗಿದ ಮಟ್ಟಕ್ಕೆ ಭಟ್ಟಿಯಿಳಿಸಿದ ನೀರು ಹಾಕಬೇಕು. ಆಮ್ಲ ಹಾಕಕೂಡದು, ಅದು ಫಲಕದಲ್ಲೇ ಅಡಗಿದೆ. ಪ್ರವಾಹ ಅತ್ಯಲ್ಪವಾಗಿರಬೇಕು, ಸಾಮಾನ್ಯ ಚಾರ್ಜಿನ ಒಂದು ಸಣ್ಣ ಭಾಗ ಮಾತ್ರ, ದಿನಗಟ್ಟಲೆ. ಕೋಶ ಬಿಸಿಯೇರಿದರೆ ನಿಲ್ಲಿಸಿ ತಣಿಯಲು ಬಿಡಬೇಕು. ಆಮ್ಲದ ಸಾಂದ್ರತೆ ಏರುತ್ತಿದ್ದರೆ ಹರಳು ಕರಗುತ್ತಿದೆಯೆಂದು ತಿಳಿಯಬೇಕು. ಹೊಪ್ಪಳೆ ಮೊಂಡಾದರೆ ಆಮ್ಲವನ್ನೇ ಸುರಿದು ನೀರು ತುಂಬಿ ಊಡುವುದೂ ಉಂಟು, ಏಕೆಂದರೆ ಸಲ್ಫೇಟು ತೆಳು ಆಮ್ಲದಲ್ಲಿ ಸುಲಭವಾಗಿ ಕರಗುತ್ತದೆ. ಈ ಕೆಲಸವನ್ನು ಗಾಳಿಯಾಡುವ ಕಡೆ, ಬೆಂಕಿ ಕಿಡಿ ದೂರವಿಟ್ಟು ಮಾಡಬೇಕು. ಮೇಲೇಳುವ ಗುಳ್ಳೆಗಳಲ್ಲಿ ಜಲಜನಕವಿರುತ್ತದೆ. ಇಂದಿನ ಮೊಬೈಲು ಮತ್ತು ಟಾರ್ಚುಗಳ ಲಿಥಿಯಂ ಕೋಶಗಳಿಗೆ ಈ ಮಾತು ಅನ್ವಯಿಸದು. ಅವು ತೀರ ಬರಿದಾದರೆ ಒಳಗಿನ ತಾಮ್ರ ಕರಗಿ, ಮತ್ತೆ ತುಂಬುವಾಗ ಬೆಂಕಿ ಹತ್ತುವ ಭಯವಿದೆ. ಅವನ್ನು ಎಬ್ಬಿಸಹೋಗುವುದು ಅವಿವೇಕ.

ತಾಳ್ಮೆ ಇಲ್ಲದವರಿಗಾಗಿ ಪುಡಿಗಳು ಹುಟ್ಟಿಕೊಂಡವು. ಅಮೆರಿಕದಲ್ಲಿ ಎಡಿ-ಎಕ್ಸ್2 ಎಂಬ ಪುಡಿ ಸತ್ತ ಬ್ಯಾಟರಿಗೆ ಜೀವ ಕೊಡುವುದೆಂದು ಮಾರಾಟವಾಯಿತು. ಅದರಲ್ಲಿದ್ದದ್ದು ಮುಖ್ಯವಾಗಿ ಸೋಡಿಯಂ ಮತ್ತು ಮೆಗ್ನೀಸಿಯಂ ಸಲ್ಫೇಟುಗಳು. ಭೇದಿಗೆ ಕುಡಿಸುತ್ತಿದ್ದ ಲವಣಗಳೇ! ಪ್ರಯೋಜನವಿಲ್ಲವೆಂದು ಅಲ್ಲಿಯ ರಾಷ್ಟ್ರೀಯ ಮಾನಕ ಸಂಸ್ಥೆ ಹೇಳಿದ್ದಕ್ಕೆ, 1953ರಲ್ಲಿ ಅದರ ನಿರ್ದೇಶಕ ಅಲೆನ್ ಆಸ್ಟಿನ್‌ರಿಗೆ ಹುದ್ದೆ ಬಿಡುವಂತೆ ಸರ್ಕಾರ ಹೇಳಿತು. ವಿಜ್ಞಾನಿಗಳು ಕೆರಳಿದರು, ಆಸ್ಟಿನ್ ಹುದ್ದೆಯಲ್ಲಿ ಉಳಿದರು, ಅದೇ ವರ್ಷ ವಿಜ್ಞಾನ ಅಕಾಡೆಮಿಯ ಸಮಿತಿಯೂ ಸಂಸ್ಥೆಯ ಮಾತೇ ಸರಿಯೆಂದಿತು.

ನಮ್ಮ ಊರಿನ ಒಂದು ಪ್ರಯೋಗ ಹೇಳಿ ಮುಗಿಸುತ್ತೇನೆ. ಗಣಿ ಮುಚ್ಚಿದ ವರ್ಷದ ಮಳೆಗಾಲ ಕಳೆದ ಮೇಲೆ ಆಂಡರ್ಸನ್‌ಪೇಟೆಯ ಗುಜರಿ ಅಂಗಡಿಯೊಂದರಲ್ಲಿ ನನಗೆ ಒಂದು ಗಣಿದೀಪ ಸಿಕ್ಕಿತು. ಶಾಲೆಗೆ ತಂದೆ. ನಮ್ಮ ವಿಜ್ಞಾನದ ಮೇಷ್ಟ್ರು ಅಳೆದು ನೋಡಿದರೆ ವೋಲ್ಟೇಜು ಸೊನ್ನೆಯ ಹತ್ತಿರ. ನಮ್ಮ ವಿದ್ಯಾರ್ಥಿಯೊಬ್ಬನ ತಾತ ಲ್ಯಾಂಪ್ ರೂಮಿನಲ್ಲಿ ದುಡಿದು ನಿವೃತ್ತರಾದವರು, ಅವರನ್ನು ಕರೆಸಿದೆವು. ಅವರು ಮುಚ್ಚಳ ಬಿಚ್ಚಿ ನೀರು ತುಂಬಿ, ಸಣ್ಣ ಪ್ರವಾಹಕ್ಕೆ ಹಚ್ಚಿ, ಏಳು ದಿನ ಬೆಳಿಗ್ಗೆ ಸಂಜೆ ಬಂದು ಕೈಯಿಂದ ಮುಟ್ಟಿ ನೋಡಿದರು. ನಾಲ್ಕನೆಯ ದಿನ ಒಂದು ಕೋಶದಲ್ಲಿ ಗುಳ್ಳೆ ಎದ್ದಿತು. ಏಳನೆಯ ದಿನಕ್ಕೆ ಅದು ಎರಡು ವೋಲ್ಟು ತೋರಿಸಿತು. ಇನ್ನೊಂದು ಮಿಸುಕಲಿಲ್ಲ.

“ಇದಕ್ಕೆ ತಡವಾಯಿತು ಮೇಷ್ಟ್ರೇ. ಆಗಲೇ ರ್‍ಯಾಕಿಗೆ ಹಾಕಿದ್ದರೆ ಎರಡೂ ಉಳೀತಿದ್ದವು,” ಎಂದರು ತಾತ. “ಆದರೆ ಆವತ್ತು ಹಾಕೋಕೆ ಯಾರಿದ್ದರು?”

ಬದುಕಿದ ಕೋಶಕ್ಕೆ ಎರಡು ವೋಲ್ಟಿನ ಪುಟ್ಟ ಬಲ್ಬು ಕಟ್ಟಿಕೊಟ್ಟರು. ಪ್ರಯೋಗಶಾಲೆಯ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಮಕ್ಕಳನ್ನು ಸುತ್ತ ನಿಲ್ಲಿಸಿ, ಅವರೇ ಹಚ್ಚಿದರು. ಸುಮಾರು ನಲವತ್ತು ನಿಮಿಷ ಉರಿಯಿತು. ಆರುವ ಮೊದಲೇ ಕೈಚಾಚಿ ಆರಿಸಿ, ಅದನ್ನು ಮತ್ತೆ ಚಾರ್ಜಿಗೆ ಹಚ್ಚಿ ಮನೆಗೆ ಹೋದರು.