ಕಿರು ನೃತ್ಯಚಿತ್ರ ನಡೆದು ಬಂದ ದಾರಿ

ಕುಣಿತದ ಬೆನ್ನು ಹತ್ತುವುದು ಸಿನಿಮಾಕ್ಕೆ ಹುಟ್ಟಿನಿಂದಲೇ ಅಂಟಿದ ಚಾಳಿ. 1890ರ ದಶಕದಲ್ಲೇ ಅಮೆರಿಕದ ಎಡಿಸನ್ ಕಂಪನಿ ಅನಾಬೆಲ್ ಎಂಬ ನರ್ತಕಿಯನ್ನು ಕ್ಯಾಮೆರಾದ ಮುಂದೆ ಕುಣಿಸಿತ್ತು. ಗಜಗಟ್ಟಲೆ ಬಟ್ಟೆಯನ್ನು ಸುಳಿಸುಳಿಯಾಗಿ ಬೀಸುವ ಆ ‘ಸರ್ಪೆಂಟೈನ್’ ಕುಣಿತವನ್ನು ಹೆಸರಿಗೆ ತಂದವರು ಲೋಯಿ ಫುಲ್ಲರ್. ಫಿಲ್ಮಿಗೆ ಬಣ್ಣವಿಲ್ಲದ ಕಾಲ. ಒಂದೊಂದು ಚೌಕಟ್ಟಿಗೂ ಕೈಯಿಂದಲೇ ಬಣ್ಣ ಹಚ್ಚಿ ಪ್ರದರ್ಶಿಸುತ್ತಿದ್ದರು. ಕ್ಯಾಮೆರಾ ಮಾತ್ರ ಪ್ರೇಕ್ಷಕ ಕೂರುವ ಜಾಗ ಬಿಟ್ಟು ಕದಲಲಿಲ್ಲ. 1930ರ ದಶಕದ ಹಾಲಿವುಡ್ಡಿನಲ್ಲಿ ಫ್ರೆಡ್ ಅಸ್ಟೇರ್ ಇದನ್ನೇ ನಿಯಮವಾಗಿಸಿದರು: ತಲೆಯಿಂದ ಕಾಲಿನವರೆಗೆ ಇಡೀ ಮೈ ಕಾಣಬೇಕು, ಕುಣಿತವನ್ನು ನಡುವೆ ಕತ್ತರಿಸಬಾರದು. ಕುಣಿಯುವವರಿಗೆ ಇದರಿಂದ ಸಿಕ್ಕಿದ್ದು ದೊಡ್ಡ ಗೌರವ. ಆದರೆ ಆ ಕ್ಯಾಮೆರಾಕ್ಕೆ ತನ್ನದೇ ಆದ ಮಾತಿರಲಿಲ್ಲ. ಸ್ಟುಡಿಯೋ, ಸೆಟ್ಟು, ನೂರಾರು ಕೆಲಸಗಾರರ ನಡುವೆ ಒಬ್ಬ ವ್ಯಕ್ತಿ ತನ್ನ ಖಾಸಗಿ ನೋವನ್ನು ಚಿತ್ರವಾಗಿಸುವ ಅವಕಾಶವೂ ಇರಲಿಲ್ಲ.

ಆ ಅವಕಾಶ ಬಂದದ್ದು ಯಂತ್ರದ ದಾರಿಯಿಂದ. 1923ರಲ್ಲಿ ಕೊಡಾಕ್ 16 ಎಂಎಂ ಫಿಲ್ಮನ್ನು ಮಾರುಕಟ್ಟೆಗೆ ಬಿಟ್ಟಿತು. ಮುಂದಿನ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಬೋಲೆಕ್ಸ್ ಕ್ಯಾಮೆರಾ ಬಂತು. ಅದಕ್ಕೆ ವಿದ್ಯುತ್ತು ಬೇಕಿರಲಿಲ್ಲ, ಗಡಿಯಾರದಂತೆ ಕೀಲಿ ಕೊಟ್ಟರೆ ಸಾಕು. ಒಮ್ಮೆ ಕೀಲಿ ಕೊಟ್ಟರೆ ಓಡುವುದು ಅರ್ಧ ನಿಮಿಷಕ್ಕೂ ಕಡಿಮೆ. ಧ್ವನಿ ಹಿಡಿಯುತ್ತಿರಲಿಲ್ಲ. ಆದರೆ ವೇಗವನ್ನು ಸೆಕೆಂಡಿಗೆ 8 ಚೌಕಟ್ಟಿನಿಂದ 64ರವರೆಗೆ ಬೇಕಾದ ಹಾಗೆ ತಿರುಗಿಸಿಕೊಳ್ಳಬಹುದಿತ್ತು. ಕಿರು ನೃತ್ಯಚಿತ್ರದ ವ್ಯಾಕರಣವೆಲ್ಲ ಬಹುಮಟ್ಟಿಗೆ ಈ ಮಿತಿ ಮತ್ತು ಸೌಲಭ್ಯಗಳಿಂದಲೇ ಹುಟ್ಟಿತು. ಉದ್ದನೆಯ ದೃಶ್ಯ ತೆಗೆಯಲಾಗದವರು ತುಂಡು ತುಂಡಾಗಿ ತೆಗೆದು ಜೋಡಿಸಲೇಬೇಕಿತ್ತು.

ಆ ಜೋಡಣೆಯನ್ನು ಕಲೆಯಾಗಿಸಿದವರು ಮಾಯಾ ಡೆರೆನ್. 1917ರಲ್ಲಿ ಕೀವ್ ನಗರದಲ್ಲಿ ಹುಟ್ಟಿ, ಎಳವೆಯಲ್ಲೇ ಹೆತ್ತವರೊಡನೆ ಅಮೆರಿಕ ಸೇರಿದ ಇವರು, ನರ್ತಕಿ ಹಾಗೂ ಮಾನವಶಾಸ್ತ್ರಜ್ಞೆ ಕ್ಯಾಥರೀನ್ ಡನ್‌ಹ್ಯಾಮ್ ತಂಡದಲ್ಲಿ ಕಾರ್ಯದರ್ಶಿಯಾಗಿದ್ದರು. ಪತಿ ಅಲೆಕ್ಸಾಂಡರ್ ಹಮೀದ್ ಅವರೊಡನೆ 1943ರಲ್ಲಿ ಮೊದಲ ಚಿತ್ರ ತೆಗೆದರು. 1945ರಲ್ಲಿ ಡನ್‌ಹ್ಯಾಮ್ ತಂಡದವರೇ ಆದ ಟ್ಯಾಲಿ ಬೀಟಿ ಎಂಬ ಕಪ್ಪು ನರ್ತಕನನ್ನು ಇಟ್ಟುಕೊಂಡು ‘ಎ ಸ್ಟಡಿ ಇನ್ ಕೊರಿಯೋಗ್ರಫಿ ಫಾರ್ ಕ್ಯಾಮೆರಾ’ ಮಾಡಿದರು. ಐದು ನಿಮಿಷವೂ ಇಲ್ಲದ ಮೂಕಚಿತ್ರ. ಬೀಟಿ ಕಾಡಿನಲ್ಲಿ ನಿಂತು ಕಾಲೆತ್ತುತ್ತಾನೆ. ಆ ಕಾಲು ಇಳಿಯುವುದು ಒಂದು ಮನೆಯ ಕೋಣೆಯೊಳಗೆ. ಅಲ್ಲಿಂದ ಇನ್ನೊಂದು ಚಲನೆ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಸಭಾಂಗಣ. ಕೊನೆಯ ಜಿಗಿತವನ್ನು ಬೇರೆ ಬೇರೆ ತುಣುಕುಗಳಿಂದ ಹೊಲಿದಿರುವುದರಿಂದ ಯಾವ ಮನುಷ್ಯನೂ ನಿಲ್ಲಲಾರದಷ್ಟು ಹೊತ್ತು ಆತ ಗಾಳಿಯಲ್ಲಿರುತ್ತಾನೆ. ಈ ಕುಣಿತವನ್ನು ಯಾವ ರಂಗದ ಮೇಲೂ ಆಡಿ ತೋರಿಸಲಾಗದು. ಅದು ಇರುವುದು ಫಿಲ್ಮಿನಲ್ಲಿ ಮಾತ್ರ.

ಖಾಸಗಿ ನೋವು, ಅಗಲಿಕೆ ಮತ್ತು ಬದಲಾವಣೆಯ ರೂಪದಲ್ಲಿ, ಈ ಪ್ರಕಾರದೊಳಕ್ಕೆ ನಿಜವಾಗಿ ಬಂದದ್ದು ಮರುವರ್ಷ, ಹದಿನೈದು ನಿಮಿಷಗಳ ‘ರಿಚುಯಲ್ ಇನ್ ಟ್ರಾನ್ಸ್‌ಫಿಗರ್ಡ್ ಟೈಮ್’ ಚಿತ್ರದಲ್ಲಿ. ಇದರಲ್ಲಿ ಡೆರೆನ್ ಸ್ವತಃ ನಟಿಸಿದ್ದಾರೆ. ಜೊತೆಗೆ ನರ್ತಕಿ ರೀಟಾ ಕ್ರಿಸ್ಟಿಯಾನಿ, ನರ್ತಕ ಫ್ರಾಂಕ್ ವೆಸ್ಟ್‌ಬ್ರೂಕ್, ಬಾಗಿಲಲ್ಲಿ ನಿಂತು ನೋಡುವ ಲೇಖಕಿ ಅನಾಯಿಸ್ ನಿನ್. ಮೊದಲಿಗೆ ಇಬ್ಬರು ಹೆಂಗಸರು ಉಣ್ಣೆಯ ದಾರ ಸುತ್ತುತ್ತಾರೆ. ಆಮೇಲೆ ವಿಧವೆಯಂತೆ ಕರಿಯ ಉಡುಪು ತೊಟ್ಟ ಕ್ರಿಸ್ಟಿಯಾನಿ ಒಂದು ಕೂಟದ ನಡುವೆ ತೂರಿಕೊಂಡು ಹೋಗುತ್ತಾಳೆ. ಅಲ್ಲಿ ಯಾರೂ ಕುಣಿಯುತ್ತಿಲ್ಲ. ಕೈಕುಲುಕುವುದು, ತೋಳು ಚಾಚುವುದು, ತಿರುಗಿ ನಗುವುದು, ಅಷ್ಟೇ. ಆದರೆ ಅದೇ ತುಣುಕುಗಳು ಮತ್ತೆ ಮತ್ತೆ ಬಂದು, ನಡುನಡುವೆ ಚಿತ್ರ ತಟಕ್ಕನೆ ನಿಂತು, ಆ ಕೂಟವೇ ಕುಣಿತವಾಗಿಬಿಡುತ್ತದೆ. ಜನರ ನಡುವೆ ಒಂಟಿಯಾದವರ ಪಾಡನ್ನು ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಹೇಳಿದ ಚಿತ್ರಗಳು ವಿರಳ. ಕೊನೆಗೆ ತೋಟದಲ್ಲಿ ಪ್ರತಿಮೆಯಾಗಿ ನಿಂತ ಗಂಡು ಜೀವ ತಳೆದು ಬೆನ್ನಟ್ಟುತ್ತಾನೆ. ಓಡುವವಳು ಒಮ್ಮೆ ಕ್ರಿಸ್ಟಿಯಾನಿ, ಒಮ್ಮೆ ಡೆರೆನ್. ಅವಳು ಸಮುದ್ರಕ್ಕಿಳಿಯುತ್ತಾಳೆ, ಅಲ್ಲಿ ಡೆರೆನ್ ಚಿತ್ರವನ್ನು ನೆಗೆಟಿವ್ ಆಗಿ ತಿರುಗಿಸುತ್ತಾರೆ. ಕರಿಯದೆಲ್ಲ ಬಿಳಿ. ವಿಧವೆಯ ಕಪ್ಪು ಬಟ್ಟೆ ವಧುವಿನ ಬಿಳಿ ಬಟ್ಟೆಯಾಗುತ್ತದೆ.

ಇಲ್ಲಿ ಒಂದು ಹೋಲಿಕೆ ಉಪಯೋಗಕ್ಕೆ ಬರುತ್ತದೆ. ಮೈಸೂರು ಅರಮನೆಯ ಆಶ್ರಯದಲ್ಲಿ ಜಟ್ಟಿ ತಾಯಮ್ಮ, ಅವರ ಶಿಷ್ಯೆ ವೆಂಕಟಲಕ್ಷಮ್ಮ ಬೆಳೆಸಿದ ಅಭಿನಯದಲ್ಲಿ ವಿರಹ ಹುಬ್ಬಿನ ಕೊಂಕಿನಲ್ಲಿ, ಕಣ್ಣಂಚಿನಲ್ಲಿ ತೋರುತ್ತದೆ. ಡೆರೆನ್ ಚಿತ್ರದಲ್ಲಿ ಕ್ರಿಸ್ಟಿಯಾನಿಯ ಮುಖ ಹೆಚ್ಚೇನೂ ಹೇಳುವುದಿಲ್ಲ. ನೋವೂ ಮಾರ್ಪಾಡೂ ಸಂಕಲನದ ಮೇಜಿನ ಮೇಲೆ, ಪ್ರಿಂಟು ಹಾಕುವ ಪ್ರಯೋಗಶಾಲೆಯಲ್ಲಿ ನಡೆಯುತ್ತವೆ. ಚಿತ್ರ ಬಂದ ಮರುವರ್ಷ, 1947ರಲ್ಲಿ, ಡೆರೆನ್ ಮತ್ತು ಹಮೀದ್ ದಾಂಪತ್ಯ ಮುರಿಯಿತು. ಹಾಗೆಂದು ಚಿತ್ರವನ್ನು ದಿನಚರಿಯಂತೆ ಓದುವುದು ಅದಕ್ಕೆ ಮಾಡುವ ಅನ್ಯಾಯ. ಒಬ್ಬರ ಸಂಗತಿಯನ್ನು ಎಲ್ಲರ ವಿಧಿಯಾಗಿಸುವುದೇ ಅದರ ಉದ್ದೇಶವೆಂದು ‘ರಿಚುಯಲ್’, ಅಂದರೆ ವಿಧಿಯಾಚರಣೆ, ಎಂಬ ಹೆಸರೇ ಸಾರುತ್ತದೆ.

ಇದೇ ಹೊತ್ತಿಗೆ ಭಾರತದಲ್ಲಿ ಉದಯಶಂಕರ್ ‘ಕಲ್ಪನಾ’ ತೆಗೆಯುತ್ತಿದ್ದರು. ಅಲ್ಮೋರಾದಲ್ಲಿ ಕಟ್ಟಿದ ನೃತ್ಯಕೇಂದ್ರ ಹಣವಿಲ್ಲದೆ ಮುಚ್ಚಿದ ಮೇಲೆ, ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ತಯಾರಾಗಿ 1948ರಲ್ಲಿ ತೆರೆಕಂಡ ಈ ಚಿತ್ರ ಕಿರಿದಲ್ಲ, ಎರಡು ಗಂಟೆ ಮೀರುತ್ತದೆ. ಆದರೆ ಪೂರ್ತಿ ಖಾಸಗಿ: ಕಲಾಕೇಂದ್ರ ಕಟ್ಟುವ ನರ್ತಕನೊಬ್ಬನ ಕನಸು, ಪ್ರೇಮ, ಸೋಲು. ಜನ ಅದನ್ನು ಕೈಹಿಡಿಯಲಿಲ್ಲ. 2012ರಲ್ಲಿ ದುರಸ್ತಿಗೊಂಡ ಪ್ರತಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು.

ಅಲ್ಮೋರಾ ಕೇಂದ್ರದಲ್ಲಿ ಕುಣಿತ ಕಲಿತವರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಒಬ್ಬರು. ಅವರ ‘ಕಾಗಜ್ ಕೆ ಫೂಲ್’ (1959) ಚಿತ್ರದ ಒಂದು ಹಾಡನ್ನು ಮಾತ್ರ ಬಿಡಿಸಿ ತೆಗೆದರೆ ಅದು ಸ್ವತಂತ್ರ ಕಿರು ನೃತ್ಯಚಿತ್ರವಾಗಿ ನಿಲ್ಲುತ್ತದೆ. ಒಂದಾಗಲಾರದ ಇಬ್ಬರು ಖಾಲಿ ಸ್ಟುಡಿಯೋದಲ್ಲಿ ದೂರ ದೂರ ನಿಂತಿದ್ದಾರೆ. ಹೆಜ್ಜೆಯಿಲ್ಲ, ಮುದ್ರೆಯಿಲ್ಲ. ಮೇಲಿನಿಂದ ಬಿದ್ದ ಬೆಳಕಿನ ಕೋಲಿನೊಳಗೆ, ಒಂದು ಚಿತ್ರದ ಮೇಲೆ ಇನ್ನೊಂದನ್ನು ಹಿಡಿಯುವ ಡಬಲ್ ಎಕ್ಸ್‌ಪೋಷರಿನಿಂದಾಗಿ, ಇಬ್ಬರ ಮೈಯಿಂದಲೂ ನೆರಳಿನಂಥ ರೂಪಗಳು ಹೊರಟು ಒಂದನ್ನೊಂದು ಸೇರುತ್ತವೆ. ನಿಂತವರು ನಿಂತಲ್ಲೇ ಇರುತ್ತಾರೆ. ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ ಆ ಬೆಳಕಿನ ಕೋಲನ್ನು ಹುಟ್ಟಿಸಿದವರು ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿ. ಡೆರೆನ್ ನೆಗೆಟಿವಿನಿಂದ ಮಾಡಿದ್ದನ್ನು ಇವರು ಬಿಸಿಲಿನಿಂದ ಮಾಡಿದರು. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ನೆಲಕಚ್ಚಿತು. ಆಮೇಲೆ ಗುರುದತ್ ನಿರ್ದೇಶಕರಾಗಿ ಇನ್ನೊಂದು ಚಿತ್ರಕ್ಕೆ ಹೆಸರು ಹಾಕಿಕೊಳ್ಳಲಿಲ್ಲ.

ಅಮೆರಿಕದಲ್ಲಿ ಡೆರೆನ್ ದಾರಿಯನ್ನು ಮುಂದುವರಿಸಿದವರಲ್ಲಿ ನರ್ತಕಿಯಾಗಿದ್ದ ಶರ್ಲಿ ಕ್ಲಾರ್ಕ್ ಮುಖ್ಯರು. ‘ಡ್ಯಾನ್ಸ್ ಇನ್ ದ ಸನ್’ (1953) ಚಿತ್ರದಲ್ಲಿ ಒಂದೇ ಕುಣಿತ ರಂಗಕ್ಕೂ ಕಡಲ ದಂಡೆಗೂ ಜಿಗಿದಾಡುತ್ತದೆ. ‘ಎ ಮೊಮೆಂಟ್ ಇನ್ ಲವ್’ (1957) ಪ್ರೇಮಿಗಳಿಬ್ಬರ ಕಥೆ. ಇವುಗಳಿಗಿಂತ ಬೋಳಾದದ್ದು, ಹೆಚ್ಚು ಖಾಸಗಿಯಾದದ್ದು ಇವಾನ್ ರೈನರ್ ಅವರ ‘ಹ್ಯಾಂಡ್ ಮೂವಿ’ (1966). ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯ ಮಂಚ ಹಿಡಿದಿದ್ದ ನರ್ತಕಿಗೆ ಕುಣಿಯಲು ಉಳಿದದ್ದು ಒಂದು ಕೈ. ಗೆಳೆಯರೊಬ್ಬರು 8 ಎಂಎಂ ಕ್ಯಾಮೆರಾದಲ್ಲಿ ಅದನ್ನೇ ಸೆರೆಹಿಡಿದರು. ಬೆರಳುಗಳು ಮಡಿಯುತ್ತವೆ, ಒಂದರ ಮೇಲೊಂದು ಹತ್ತುತ್ತವೆ, ಅಂಗೈ ತಿರುಗುತ್ತದೆ. ಚಿತ್ರದಲ್ಲಿ ಇರುವುದು ಇಷ್ಟೇ.

ಕೆನಡಾದ ನಾರ್ಮನ್ ಮೆಕ್‌ಲಾರೆನ್ ತದ್ವಿರುದ್ಧ ತುದಿಯಲ್ಲಿದ್ದರು. ಅಲ್ಲಿನ ನ್ಯಾಷನಲ್ ಫಿಲ್ಮ್ ಬೋರ್ಡಿಗಾಗಿ 1968ರಲ್ಲಿ ಮಾಡಿದ ‘ಪಾ ದ ದ್ಯೂ’ ಚಿತ್ರದಲ್ಲಿ ಕಪ್ಪು ಹಿನ್ನೆಲೆಯ ಮುಂದೆ ಬಿಳಿ ಉಡುಪಿನ ಇಬ್ಬರು ಬ್ಯಾಲೆ ಕಲಾವಿದರಿಗೆ ಪಕ್ಕದಿಂದ ಮಾತ್ರ ಬೆಳಕು. ಆಪ್ಟಿಕಲ್ ಪ್ರಿಂಟರಿನಲ್ಲಿ ಒಂದೇ ಚಲನೆಯನ್ನು ಹಲವು ಸಲ ಒಂದರ ಮೇಲೊಂದು ಅಚ್ಚು ಹಾಕಿದ್ದರಿಂದ ನರ್ತಕಿ ತನ್ನ ಕಳೆದ ಗಳಿಗೆಗಳನ್ನೆಲ್ಲ ಬೆನ್ನ ಹಿಂದೆ ಎಳೆದುಕೊಂಡು ಸಾಗುತ್ತಾಳೆ. ಹಳೆಯದನ್ನು ಬಿಡಲಾಗದ ಮನಸ್ಸಿಗೆ ಇದಕ್ಕಿಂತ ಒಪ್ಪುವ ರೂಪ ಬೇರೆ ಸಿಕ್ಕಿಲ್ಲ. ಅದಕ್ಕೆ ಬೇಕಾದ ಪ್ರಯೋಗಶಾಲೆ ಮಾತ್ರ ಎಲ್ಲರಿಗೂ ಸಿಗುವಂಥದ್ದಾಗಿರಲಿಲ್ಲ.

1960ರ ದಶಕದ ಕೊನೆಗೆ ಬಂದ, ಹೆಗಲಿಗೆ ನೇತುಹಾಕಿಕೊಳ್ಳುವ ವಿಡಿಯೋ ಉಪಕರಣ ಆ ಅಂತರವನ್ನು ಸ್ವಲ್ಪ ತಗ್ಗಿಸಿತು. ನ್ಯೂಯಾರ್ಕಿನಲ್ಲಿ 1971ರಿಂದ ನೃತ್ಯಚಿತ್ರಗಳಿಗೇ ಮೀಸಲಾದ ಉತ್ಸವ ನಡೆಯತೊಡಗಿತು. 1990ರ ದಶಕದಲ್ಲಿ ಬ್ರಿಟನ್ನಿನ ಟಿವಿ ವಾಹಿನಿಗಳು ಕಿರು ನೃತ್ಯಚಿತ್ರಗಳಿಗೆ ಹಣ ಹಾಕಿದವು. 2020ರ ಲಾಕ್‌ಡೌನಿನಲ್ಲಿ ರಂಗಮಂದಿರಗಳಿಗೆ ಬೀಗ ಬಿದ್ದಾಗ ಎಲ್ಲೆಡೆಯ ನರ್ತಕರೂ ಕೋಣೆ, ತಾರಸಿ, ಅಡುಗೆಮನೆಗಳಲ್ಲಿ ಫೋನಿನಿಂದ ಚಿತ್ರ ತೆಗೆದುಕೊಂಡರು. ಬೋಲೆಕ್ಸ್ 64 ಚೌಕಟ್ಟಿಗೆ ನಿಲ್ಲುತ್ತಿತ್ತು. ಈಗಿನ ಹಲವು ಫೋನುಗಳು ಸೆಕೆಂಡಿಗೆ 240 ಹಿಡಿಯುತ್ತವೆ, ನೆಗೆಟಿವ್ ಮಾಡಲು ಬೆರಳೊಂದು ಸಾಕು. ಇಷ್ಟಾದರೂ ದುಃಖವನ್ನು ಕಣ್ಣೀರಿನ ಕ್ಲೋಸಪ್ಪಿಗೆ ಒಪ್ಪಿಸಿ ಕೈತೊಳೆದುಕೊಳ್ಳುವ ಅಭ್ಯಾಸ ಹೋಗಿಲ್ಲ. ಇಂಥ ಚಿತ್ರಗಳಲ್ಲಿ ಸೋಲುವವು ಹೆಚ್ಚಾಗಿ ಅಲ್ಲಿಯೇ ಸೋಲುತ್ತವೆ.