ಹತ್ತಿರದ ಮಾತಿಗೆ ದೂರದ ದಾರಿ



ಕೆಲವೇ ನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ನೌಕೆಯೊಡನೆ ಮಾತನಾಡುವುದು ಸುಲಭವೆಂದು ನಾವು ಭಾವಿಸುತ್ತೇವೆ. ವಸ್ತುಸ್ಥಿತಿ ಬೇರೆ. ಸುಮಾರು 90 ನಿಮಿಷಗಳಲ್ಲಿ ಭೂಪ್ರದಕ್ಷಿಣೆ ಮುಗಿಸುವ ನೌಕೆಯು ಒಂದು ಭೂಕೇಂದ್ರಕ್ಕೆ ಗೋಚರಿಸುವುದು ಕೆಲವೇ ನಿಮಿಷ. ಅಮೆರಿಕವು ಹಲವು ದೇಶಗಳಲ್ಲಿ ಕೇಂದ್ರಗಳನ್ನಿಟ್ಟಿದ್ದರೂ ಸಂಪರ್ಕ ದೊರೆಯುತ್ತಿದ್ದುದು ಪ್ರದಕ್ಷಿಣೆಯ ಶೇಕಡಾ 15ರಷ್ಟು ಕಾಲ ಮಾತ್ರ. ಉಳಿದುದೆಲ್ಲ ಮೌನ.

ಇದಕ್ಕೆ ನಾಸಾ ಕಂಡುಕೊಂಡ ಪರಿಹಾರ ವಿಚಿತ್ರವಾದುದು: ಹತ್ತಿರದವರ ಮಾತನ್ನು ದೂರದವರ ಮೂಲಕ ಕೇಳುವುದು. ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಕಕ್ಷೆಯಲ್ಲಿರುವ ಉಪಗ್ರಹಕ್ಕೆ ಕೆಳಗಿನ ನೌಕೆ ಅರ್ಧಕ್ಕೂ ಹೆಚ್ಚು ಪ್ರದಕ್ಷಿಣೆಯಲ್ಲಿ ಕಾಣುತ್ತದೆ. ಅದು ಸಂಕೇತಗಳನ್ನು ಪಡೆದು ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಕೇಂದ್ರಕ್ಕೆ ಮರುಪ್ರಸಾರ ಮಾಡುತ್ತದೆ.

ಮೊದಲ ಉಪಗ್ರಹ ಟಿಡಿಆರ್‌ಎಸ್-1 ಅನ್ನು 1983ರ ಏಪ್ರಿಲ್‌ನಲ್ಲಿ ಚಾಲೆಂಜರ್ ಒಯ್ದಿತು. ಮೇಲಕ್ಕೇರಿಸಬೇಕಾದ ರಾಕೆಟ್ ಕೈಕೊಟ್ಟಿತು. ತಂತ್ರಜ್ಞರು ಉಪಗ್ರಹದ ಪುಟ್ಟ ಎಂಜಿನ್‌ಗಳನ್ನೇ ವಾರಗಟ್ಟಲೆ ಉರಿಸಿ ಅದನ್ನು ನೆಲೆಗೆ ಮುಟ್ಟಿಸಿದರು. ಎರಡನೆಯದು 1986ರ ಜನವರಿ 28ರಂದು ಚಾಲೆಂಜರ್ ದುರಂತದಲ್ಲಿ ಏಳು ಮಂದಿ ಯಾತ್ರಿಕರೊಡನೆ ನಾಶವಾಯಿತು. 1988ರ ಸೆಪ್ಟೆಂಬರ್‌ನಲ್ಲಿ ಡಿಸ್ಕವರಿ ಮತ್ತೊಂದನ್ನು ಒಯ್ದಿತು. ಎರಡು ಉಪಗ್ರಹಗಳು ಜೊತೆಗೂಡಿದಾಗ ಸಂಪರ್ಕವು ಶೇಕಡಾ 85ಕ್ಕೇರಿತು.

ಭೂಮಧ್ಯರೇಖೆಯ ಮೇಲಿನ ಭೂಸ್ಥಿರ ಉಪಗ್ರಹ ಧ್ರುವಕ್ಕೆ ಕಾಣದು. ಆದರೆ ವಯಸ್ಸಾದ ಟಿಡಿಆರ್‌ಎಸ್-1ರ ಕಕ್ಷೆ ಓರೆಯಾಗಿ, ದಿನದ ಕೆಲವು ಗಂಟೆ ದಕ್ಷಿಣ ಧ್ರುವಕ್ಕೂ ಅದು ಕಾಣತೊಡಗಿತು. 1999ರ ಚಳಿಗಾಲದಲ್ಲಿ ವಿಮಾನವೂ ಇಳಿಯಲಾರದ ಅಲ್ಲಿ ವೈದ್ಯೆಯೊಬ್ಬರಿಗೆ ಸ್ತನ ಕ್ಯಾನ್ಸರ್ ಕಾಣಿಸಿಕೊಂಡಾಗ, ದೂರದ ತಜ್ಞರ ಸಲಹೆ ತಲುಪಿದ್ದು ಇದರ ಮೂಲಕ. 2010ರಲ್ಲಿ ಅದು ನಿವೃತ್ತವಾಯಿತು.

ಯಾತ್ರಿಕರಿಗಾಗಿ ಕಟ್ಟಿದ ಸೇತುವೆ, ಭೂಮಿಯ ಮೇಲೆಯೇ ಒಂಟಿಯಾದವರಿಗೂ ದಾರಿಯಾಯಿತೆಂಬುದನ್ನು ನಾವು ನೆನೆಯಬೇಕು.